ಶೇಷಾದ್ರಿ ಅಯ್ಯರ್ ಸ್ಮಾರಕ: ಪ್ರತಿಮೆ, ಭವನ, ಗ್ರಂಥಾಲಯ

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಪ್ರತಿಮೆಗಳಿಗೆ ಕೊರತೆಯಿಲ್ಲ. ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆ 1906ರ ಫೆಬ್ರವರಿಯಲ್ಲಿ ಅನಾವರಣಗೊಂಡಿತು. ಅವಳ ಮಗ ಏಳನೆಯ ಎಡ್ವರ್ಡನ ಪ್ರತಿಮೆ 1919ರದು. ಕುದುರೆಯ ಮೇಲೆ ಕೂತ ಕಮಿಷನರ್ ಮಾರ್ಕ್ ಕಬ್ಬನ್ನರ ಕಂಚಿನ ಪ್ರತಿಮೆ ಇವೆರಡಕ್ಕಿಂತ ಹಳೆಯದು, 1866ರದು. ಅದು ಬಹುಕಾಲ ಹೈಕೋರ್ಟಿನ ಮುಂದಿದ್ದು 2020ರಲ್ಲಿ ಉದ್ಯಾನದೊಳಕ್ಕೆ ಬಂತು. ಇವರೆಲ್ಲ ಆಳಿದವರು. ಇವರ ನಡುವೆ ಪೇಟ ಕಟ್ಟಿ ನಿಂತಿರುವ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಸಂಬಳಕ್ಕೆ ದುಡಿದವರು. ಗುಮಾಸ್ತಿಕೆಯ ಮಟ್ಟದಿಂದ ಸಂಸ್ಥಾನದ ಆಡಳಿತದ ತುದಿಗೆ ಏರಿದವರು. ಆಳಿದವರ ಪ್ರತಿಮೆಗಳ ಹಿಂದೆ ಬಯಲಿದೆ, ಮರಗಳಿವೆ, ರಸ್ತೆಯಿದೆ. ಈ ದಿವಾನರ ಬೆನ್ನ ಹಿಂದೆ ಒಂದು ಗ್ರಂಥಾಲಯವಿದೆ. ಅದರ ಬಾಗಿಲು ಇಂದಿಗೂ ದಿನಬೆಳಗಾದರೆ ತೆರೆಯುತ್ತದೆ. ಈ ಸ್ಮಾರಕದ ಚರಿತ್ರೆ ಬರೆಯಲು ಕೂತವರು ಹೆಚ್ಚು ಹೊತ್ತು ಯೋಚಿಸಬೇಕಾದ ಸಂಗತಿ ಇದೇ ಎಂದು ನನಗೆ ತೋರುತ್ತದೆ. ಸತ್ತವರ ಹೆಸರಿನಲ್ಲಿ ಊರಿಗೆ ಒಂದು ಓದುವ ಕೋಣೆ ಸಿಕ್ಕಿತು. ಆ ಕೋಣೆ ನೂರು ವರ್ಷ ದಾಟಿಯೂ ಉಳಿದುಕೊಂಡಿತು.

ಮೊದಲು ಜಾಗದ ವಿಚಾರ. ಉದ್ಯಾನವನ್ನು ರೂಪಿಸಿದವರು ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿ, 1870ರಲ್ಲಿ. ಆಗಿನ ಹಂಗಾಮಿ ಕಮಿಷನರ ಹೆಸರಿನಲ್ಲಿ ಮೊದಲು ಅದನ್ನು ಮೀಡ್ಸ್ ಪಾರ್ಕ್ ಎಂದರು, ಆಮೇಲೆ ಕಬ್ಬನ್ ಪಾರ್ಕ್ ಎಂದರು. ನೂರು ಎಕರೆಯಿಂದ ಶುರುವಾದದ್ದು ಬೆಳೆದು ಸುಮಾರು ಮುನ್ನೂರು ಎಕರೆಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಅದರ ಅಧಿಕೃತ ಹೆಸರು ಶ್ರೀ ಚಾಮರಾಜೇಂದ್ರ ಉದ್ಯಾನ ಎಂದಾಯಿತು. ಜನರ ಬಾಯಲ್ಲಿ ಮಾತ್ರ ಕಬ್ಬನ್ ಹೆಸರೇ ನಿಂತಿತು. ಚಾಮರಾಜೇಂದ್ರ ಒಡೆಯರ ಬಳಿ ದಿವಾನರಾಗಿದ್ದವರೇ ಶೇಷಾದ್ರಿ ಅಯ್ಯರ್. ಹಾಗಾಗಿ ಅರಸನ ಹೆಸರಿನ ಉದ್ಯಾನದಲ್ಲಿ ಅವನ ದಿವಾನರ ಸ್ಮಾರಕವಿದೆ. ಹೈಕೋರ್ಟಿರುವ ಅಠಾರಾ ಕಚೇರಿಯ ಕಡೆಯಿಂದ ಒಳಗೆ ನಡೆದು ಬಂದವರಿಗೆ ಆ ಕೆಂಪು ಕಟ್ಟಡಕ್ಕೆ ಜೋಡಿಯೆಂಬಂತೆ ಇನ್ನೊಂದು ಕೆಂಪು ಕಟ್ಟಡ ಮರಗಳ ನಡುವೆ ಎದುರಾಗುತ್ತದೆ. ಎತ್ತರದ ಕಂಬಗಳು, ಬಿಳಿ ಅಂಚು, ಮುಂದೆ ಗುಲಾಬಿ ತೋಟ. ಅಠಾರಾ ಕಚೇರಿ ಹೆಸರೇ ಹೇಳುವಂತೆ ಸರ್ಕಾರದ ಹದಿನೆಂಟು ಇಲಾಖೆಗಳಿಗಾಗಿ ಎದ್ದದ್ದು. ಈ ಭವನಕ್ಕೆ ಇಲಾಖೆಯ ಗೊಡವೆ ಇರಲಿಲ್ಲ, ಊರಿನವರು ಬಂದು ಕೂರಲೆಂದು ಕಟ್ಟಿದ್ದು.

ಶೇಷಾದ್ರಿ ಅಯ್ಯರ್ ಹುಟ್ಟಿದ್ದು 1845ರಲ್ಲಿ, ಪಾಲಕ್ಕಾಡಿನ ಸೀಮೆಯಲ್ಲಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1868ರಲ್ಲಿ ಬಿ.ಎ. ಪದವಿ ಪಡೆದು, ಅದೇ ವರ್ಷ ಮೈಸೂರಿನ ನೌಕರಿಗೆ ಸೇರಿದರು. ಇಲ್ಲಿ ಅವರಿಗೆ ದಾರಿ ತೋರಿದವರು ರಂಗಾಚಾರ್ಲು. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗ ರಂಗಾಚಾರ್ಲು ಮೊದಲ ದಿವಾನರಾದರು. ಅವರು 1883ರ ಜನವರಿಯಲ್ಲಿ ತೀರಿಕೊಂಡಾಗ ಆ ಕುರ್ಚಿ ಮೂವತ್ತೇಳರ ಶೇಷಾದ್ರಿ ಅಯ್ಯರಿಗೆ ಬಂತು. 1876-78ರ ಬರಗಾಲ ಸಂಸ್ಥಾನದ ಜನರನ್ನೂ ಬೊಕ್ಕಸವನ್ನೂ ಬರಿದು ಮಾಡಿ ಹೋಗಿತ್ತು, ತಲೆಯ ಮೇಲೆ ಸಾಲವಿತ್ತು. ಅಂಥ ಮನೆಯ ಲೆಕ್ಕವನ್ನು ಕೈಗೆ ತೆಗೆದುಕೊಂಡವರು ಹದಿನೆಂಟು ವರ್ಷ ಅದನ್ನು ನಡೆಸಿದರು. 1881ರ ನಂತರದ ಮೈಸೂರಿನಲ್ಲಿ ಅಷ್ಟು ದೀರ್ಘಕಾಲ ದಿವಾನಗಿರಿ ಮಾಡಿದವರು ಬೇರೆ ಇಲ್ಲ. 1894ರ ಕೊನೆಯಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಅಕಾಲ ಮರಣಕ್ಕೆ ತುತ್ತಾದರು. ಯುವರಾಜರು ಇನ್ನೂ ಬಾಲಕರು. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿ ರಾಜ್ಯಭಾರ ವಹಿಸಿದರು. ದಿವಾನರು ಅವರ ಆಡಳಿತ ಮಂಡಳಿಯ ಮುಖ್ಯಸ್ಥರಾಗಿ ಮುಂದುವರಿದರು. ಎಳೆಯ ಅರಸ, ಶೋಕದಲ್ಲಿದ್ದ ರಾಣಿ, ಹೊಸ್ತಿಲಲ್ಲಿ ಪ್ಲೇಗು. ಅವರ ದೊಡ್ಡ ಕೆಲಸಗಳಲ್ಲಿ ಹಲವು ನಡೆದದ್ದು ಈ ಕಷ್ಟದ ಏಳು ವರ್ಷಗಳಲ್ಲೇ.

ಬೆಂಗಳೂರಿನವರು ಅವರನ್ನು ನೆನೆಯಲು ಪ್ರತಿಮೆಯ ತನಕ ಬರಬೇಕಾಗಿಯೇ ಇಲ್ಲ. 1890ರ ದಶಕದ ಮೊದಲಲ್ಲಿ ಮಳೆ ಕೈಕೊಟ್ಟು ಊರಿಗೆ ನೀರುಣಿಸುತ್ತಿದ್ದ ಧರ್ಮಾಂಬುಧಿ ಮುಂತಾದ ಕೆರೆಗಳು ಸೊರಗಿದವು. ಆಗ ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟೆ ಹಾಕಿ, ಕೊಳವೆಯ ಮೂಲಕ ನಗರಕ್ಕೆ ನೀರು ತರುವ ಯೋಜನೆ ಕೈಗೂಡಿತು. ಚಾಮರಾಜೇಂದ್ರ ವಾಟರ್ ವರ್ಕ್ಸ್ ಎಂದು ಅದರ ಹೆಸರು. ಬೆಂಗಳೂರು ತನ್ನ ಹತ್ತಿರದ ಕೆರೆಕುಂಟೆಗಳನ್ನು ಬಿಟ್ಟು ದೂರದ ನದಿಪಾತ್ರದಿಂದ ಕುಡಿಯಲು ಕಲಿತದ್ದು ಅಂದಿನಿಂದ. ತಿಪ್ಪಗೊಂಡನಹಳ್ಳಿ, ಕಾವೇರಿ ಎಲ್ಲ ಆ ದಾರಿಯಲ್ಲೇ ಮುಂದೆ ಬಂದವು. 1898ರ ಆಗಸ್ಟಿನಲ್ಲಿ ಪ್ಲೇಗು ಊರೊಳಕ್ಕೆ ಕಾಲಿಟ್ಟಾಗ ಪೇಟೆಯ ಇಕ್ಕಟ್ಟಿನ ಬೀದಿಗಳು ಸಾವಿನ ಬೀದಿಗಳಾದವು. ಗಾಳಿ ಬೆಳಕಿಗೆ ಜಾಗ ಬಿಟ್ಟು, ಅಗಲ ರಸ್ತೆಗಳನ್ನು ನೇರ ಗೆರೆಯಲ್ಲಿ ಎಳೆದು, ಮನೆಗಳ ಹಿಂದೆ ಕಸ ಸಾಗಿಸುವ ಓಣಿ ಬಿಟ್ಟು ಬೆಳೆಸಿದ ಬಸವನಗುಡಿ, ಮಲ್ಲೇಶ್ವರಗಳು ಜನರಿಗೆ ಆಸರೆಯಾದವು. ಶೇಷಾದ್ರಿಪುರ ಅವರ ಹೆಸರನ್ನೇ ಹೊತ್ತಿದೆ. ವಿಕ್ಟೋರಿಯಾ ಆಸ್ಪತ್ರೆಗೆ 1897ರಲ್ಲಿ ಅಡಿಗಲ್ಲು ಬಿತ್ತು, 1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ಅದನ್ನು ತೆರೆದರು. ಬಡವರ ಆಸ್ಪತ್ರೆಯಾಗಿ ಅದು ಈಗಲೂ ನಡೆಯುತ್ತಿದೆ.

ಇವೆಲ್ಲಕ್ಕಿಂತ ದೊಡ್ಡ ಧೈರ್ಯದ ಕೆಲಸ ಶಿವನಸಮುದ್ರದ್ದು. ಕಾವೇರಿಯ ಧುಮುಕುವ ನೀರಿನಿಂದ ವಿದ್ಯುತ್ತು ತೆಗೆದು, ಅದನ್ನು 92 ಮೈಲಿ ದೂರದ ಕೋಲಾರ ಚಿನ್ನದ ಗಣಿಗೆ ತಂತಿಯ ಮೇಲೆ ಸಾಗಿಸಬೇಕು. ಆ ಕಾಲಕ್ಕೆ ಜಗತ್ತಿನಲ್ಲೇ ಅಷ್ಟು ಉದ್ದದ ಮಾರ್ಗಗಳು ಅಪರೂಪ. ಯೋಜನೆ ರೂಪಿಸಿದ ಎಂಜಿನಿಯರ್ ಎ. ಜೋಲಿ ಡಿ ಲಾಟ್‌ಬಿನಿಯೇರ್. ಒಂದು ದೇಶೀ ಸಂಸ್ಥಾನ ಇಂಥ ಹೊಸ ವಿದ್ಯೆಯ ಮೇಲೆ ಅಷ್ಟೊಂದು ಹಣ ಹಾಕಬೇಕಾದರೆ, ಲೆಕ್ಕ ಬಲ್ಲ, ಎದೆಗಾರಿಕೆಯೂ ಇದ್ದ ಆಡಳಿತಗಾರ ಬೇಕಿತ್ತು. ವಿದ್ಯುತ್ತು ಚಿನ್ನದ ಗಣಿ ಮುಟ್ಟಿದ್ದು 1902ರ ಜೂನ್ 30ರಂದು. ಶೇಷಾದ್ರಿ ಅಯ್ಯರ್ ಅದನ್ನು ಕಾಣಲಿಲ್ಲ. ಆರೋಗ್ಯ ಕೆಟ್ಟು 1901ರಲ್ಲಿ ಅಧಿಕಾರದಿಂದ ಇಳಿದ ಅವರು ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದರು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಅದೂ ಅವರ ಕಾಲಾನಂತರದ ಮಾತು. ಮುಂದೆ ಈ ಸ್ಮಾರಕ ಭವನದ ಓದುಗರ ಮೇಜುಗಳ ಮೇಲೆ ಬಿದ್ದದ್ದು ಆ ಶಿವನಸಮುದ್ರದ ಬೆಳಕೇ.

ಅವರ ಕಾಲದ ಇನ್ನೊಂದು ಕೆಲಸ ಇಷ್ಟು ಪ್ರಸಿದ್ಧವಲ್ಲ. ಆದರೆ ಗ್ರಂಥಾಲಯದ ಈ ಸ್ಮರಣ ಸಂಚಿಕೆಯಲ್ಲಿ ಅದಕ್ಕೆ ಮೊದಲ ಮರ್ಯಾದೆ ಸಲ್ಲಬೇಕು. 1885ರಲ್ಲಿ ಸಂಸ್ಥಾನದಲ್ಲಿ ಪುರಾತತ್ವ ಶಾಖೆ ಹುಟ್ಟಿತು. ಬಿ.ಎಲ್. ರೈಸರು ಊರೂರು ತಿರುಗಿ ಸಂಗ್ರಹಿಸಿದ ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಾಗಿ 1886ರಿಂದ ಹೊರಬರತೊಡಗಿದವು. 1891ರಲ್ಲಿ ಮೈಸೂರಿನಲ್ಲಿ ಓರಿಯಂಟಲ್ ಲೈಬ್ರರಿ ಸ್ಥಾಪನೆಯಾಯಿತು. ಮನೆಮನೆಯ ಅಟ್ಟದಲ್ಲಿ, ಮಠಗಳ ಪೆಟ್ಟಿಗೆಗಳಲ್ಲಿ ಗೆದ್ದಲು ಹಿಡಿಯುತ್ತಿದ್ದ ಓಲೆಗರಿಗಳಿಗೆ ಅಲ್ಲಿ ನೆಲೆ ಸಿಕ್ಕಿತು. ಕೆ.ಬಿ. ಪಾಠಕರು ಸಂಪಾದಿಸಿದ ಕವಿರಾಜಮಾರ್ಗ ಸರ್ಕಾರದ ಗ್ರಂಥಮಾಲೆಯಲ್ಲಿ 1898ರಲ್ಲಿ ಅಚ್ಚಾಯಿತು. ಕನ್ನಡಿಗರು ತಮ್ಮ ಭಾಷೆಯ ಹಳಮೆಯ ಬಗ್ಗೆ ಇಂದು ಆತ್ಮವಿಶ್ವಾಸದಿಂದ ಮಾತನಾಡುವಾಗ ಅದರ ಬುಡದಲ್ಲಿ ಆ ಮುದ್ರಣವಿದೆ. ಮತ್ತೆ ಕೆಲವೇ ವರ್ಷಕ್ಕೆ ಅದೇ ಓರಿಯಂಟಲ್ ಲೈಬ್ರರಿಗೆ ಕೌಟಿಲೀಯ ಅರ್ಥಶಾಸ್ತ್ರದ ಒಂದು ಪ್ರತಿ ಬಂದು ಸೇರಿತು. ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದೇನೆಂದು ಗುರುತಿಸಿದರು, 1909ರಲ್ಲಿ ಅದರ ಮೂಲವನ್ನು ಪ್ರಕಟಿಸಿದರು. ಭಾರತದ ರಾಜ್ಯಶಾಸ್ತ್ರದ ಚರಿತ್ರೆಯನ್ನೇ ಅದು ತಿರುಗಿ ಬರೆಸಿತು. ಇವು ದಿವಾನರು ಕೂತು ಮಾಡಿದ ಕೆಲಸಗಳಲ್ಲ, ಪಂಡಿತರ ಕೆಲಸಗಳು. ಆದರೆ ಪಂಡಿತರಿಗೆ ಕೋಣೆ, ಕಪಾಟು, ಸಂಬಳ ಕೊಡುವ ಸರ್ಕಾರ ಇದ್ದುದರಿಂದ ಆದವು. ಅಂಥ ಆಡಳಿತಗಾರರ ನೆನಪಿಗೆ ಗ್ರಂಥಾಲಯಕ್ಕಿಂತ ಒಪ್ಪುವ ಸ್ಮಾರಕ ಇನ್ನೇನಿದ್ದೀತು?

ಸ್ಮರಣ ಸಂಚಿಕೆ ಎಂಬ ಕಾರಣಕ್ಕೆ ಬರೀ ಹೊಗಳಿಕೆ ಬರೆದರೆ ಅದು ಚರಿತ್ರೆಯಾಗುವುದಿಲ್ಲ. 1892ರ ಫೆಬ್ರವರಿಯಲ್ಲಿ ಮೈಸೂರು ಮತ್ತು ಮದ್ರಾಸು ಸರ್ಕಾರಗಳ ನಡುವೆ ನದಿನೀರಿನ ಒಪ್ಪಂದವಾಯಿತು. ಒಪ್ಪಂದದಲ್ಲಿ ಹೆಸರಿಸಿದ ನದಿಗಳ ಮೇಲೆ ಮೈಸೂರು ಹೊಸ ಜಲಾಶಯ ಕಟ್ಟಬೇಕಾದರೆ ಮದ್ರಾಸಿನ ಒಪ್ಪಿಗೆ ಪಡೆಯಬೇಕು ಎಂಬುದು ಅದರ ತಿರುಳು. ಕನ್ನಂಬಾಡಿ ಕಟ್ಟೆ ಕಟ್ಟಲು ಹೊರಟಾಗ ಈ ಷರತ್ತು ಎಷ್ಟು ಬಿಗಿ ಎಂಬುದು ಗೊತ್ತಾಯಿತು. 1924ರ ಒಪ್ಪಂದ ಅದರ ಮುಂದುವರಿಕೆ. ಇಂದಿನ ಕಾವೇರಿ ವಿವಾದದ ಬೇರು ಅಲ್ಲಿದೆ. ಬ್ರಿಟಿಷ್ ಪರಮಾಧಿಕಾರದ ಕೆಳಗಿದ್ದ ಒಂದು ಸಂಸ್ಥಾನಕ್ಕೆ ಬೇರೆ ದಾರಿ ಎಷ್ಟಿತ್ತು ಎಂಬ ಪ್ರಶ್ನೆ ನ್ಯಾಯವಾದುದೇ. ಆದರೂ ಆ ಕಾಗದಕ್ಕೆ ಒಪ್ಪಿದ್ದು ಅವರ ದಿವಾನಗಿರಿಯಲ್ಲಿ. ಅದರ ಭಾರ ಹೊತ್ತವರು ಮಂಡ್ಯ, ಮೈಸೂರು ಸೀಮೆಯ ರೈತರು. ಇನ್ನೊಂದು ದೂರು ಅವರ ಕಾಲದಲ್ಲೇ ಜೋರಾಗಿ ಕೇಳಿಬಂದದ್ದು: ದೊಡ್ಡ ಹುದ್ದೆಗಳೆಲ್ಲ ಮದ್ರಾಸಿನಿಂದ ಬಂದವರ ಪಾಲಾಗುತ್ತಿವೆ, ಮೈಸೂರಿನಲ್ಲೇ ಹುಟ್ಟಿದವರು ಹಿಂದುಳಿಯುತ್ತಿದ್ದಾರೆ ಎಂಬುದು. ಮೈಸೂರಿನ ಪತ್ರಿಕೆಗಳು ಇದನ್ನು ಬಿಡದೆ ಬರೆದವು. 1891ರಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆ ತಂದವರೂ, ಪ್ರಜಾಪ್ರತಿನಿಧಿ ಸಭೆಗೆ ಚುನಾವಣೆಯ ಕ್ರಮ ತಂದವರೂ ಇದೇ ದಿವಾನರು. ಯೋಗ್ಯತೆಯ ಪರೀಕ್ಷೆ ತಂದ ಸರ್ಕಾರದ ಮೇಲೆ ಪಕ್ಷಪಾತದ ಆರೋಪವೂ ಇತ್ತು. ಎರಡೂ ಒಟ್ಟಿಗೆ ನಿಜ, ಎರಡನ್ನೂ ದಾಖಲಿಸಬೇಕು. ಆ ಅಸಮಾಧಾನ ವ್ಯರ್ಥವಾಗಲಿಲ್ಲ. ಮುಂದಿನ ದಶಕಗಳಲ್ಲಿ ನೌಕರಿಯ ನ್ಯಾಯದ ಬಗ್ಗೆ ಮೈಸೂರಿನಲ್ಲಿ ನಡೆದ ದೊಡ್ಡ ಚರ್ಚೆಗಳಿಗೆ, 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ತನಕ, ಪ್ರಾತಿನಿಧ್ಯದ ಪ್ರಶ್ನೆಯೇ ಕೇಂದ್ರವಾಯಿತು.

ಶೇಷಾದ್ರಿ ಅಯ್ಯರ್ ಅಧಿಕಾರದಿಂದ ಇಳಿದ ಮೇಲೆ ಪಿ.ಎನ್. ಕೃಷ್ಣಮೂರ್ತಿ, ವಿ.ಪಿ. ಮಾಧವರಾವ್, ಟಿ. ಆನಂದರಾವ್ ಒಬ್ಬರ ಹಿಂದೊಬ್ಬರು ದಿವಾನರಾದರು. 1912ರ ನವೆಂಬರಿನಲ್ಲಿ ಎಂ. ವಿಶ್ವೇಶ್ವರಯ್ಯನವರು ಆ ಸ್ಥಾನಕ್ಕೆ ಬಂದರು. ಪ್ರತಿಮೆಯ ಅನಾವರಣ ಮುಂದಿನ ವರ್ಷ, 1913ರ ನವೆಂಬರಿನಲ್ಲಿ. ಪರದೆ ಸರಿಸಿದವರು ವೈಸರಾಯ್ ಲಾರ್ಡ್ ಹಾರ್ಡಿಂಜ್. ಆ ವೈಸರಾಯರ ಮೈಸೂರು ಭೇಟಿಗೆ ಬೇರೊಂದು ಮಹತ್ವವೂ ಇತ್ತು. 1881ರಲ್ಲಿ ರಾಜ್ಯವನ್ನು ಮರಳಿಸಿದಾಗ ಬ್ರಿಟಿಷರು ಒಡೆಯರ ಮೇಲೆ ಹೊರಿಸಿದ್ದ ಷರತ್ತುಪತ್ರದ ಬದಲು ಗೌರವದ ಒಡಂಬಡಿಕೆಯೊಂದು ಆಗುವುದೆಂಬ ಘೋಷಣೆ ಆ ತಿಂಗಳಲ್ಲೇ ಹೊರಬಿತ್ತು. ಆ ಷರತ್ತುಪತ್ರದ ಕೆಳಗೆ ಹದಿನೆಂಟು ವರ್ಷ ರಾಜ್ಯ ನಡೆಸಿದ ದಿವಾನರ ಪ್ರತಿಮೆ, ಷರತ್ತುಪತ್ರ ಹೋದ ತಿಂಗಳಲ್ಲೇ ಕಣ್ತೆರೆಯಿತು. ಕಾಕತಾಳೀಯವಿರಬಹುದು, ಆದರೂ ಅಲ್ಲಿ ನೆರೆದಿದ್ದ ಹಿರಿಯ ನೌಕರರಿಗೆ ಅದರ ಅರ್ಥ ತಿಳಿಯದೆ ಇರಲಿಕ್ಕಿಲ್ಲ.

ಭವನ ಎದ್ದದ್ದು 1915ರಲ್ಲಿ. ಆ ಹೊತ್ತಿನ ಮೈಸೂರನ್ನು ಒಮ್ಮೆ ನೋಡಬೇಕು. 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, ಇತ್ತ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ. ವಿಶ್ವೇಶ್ವರಯ್ಯನವರ ದೃಷ್ಟಿಯಲ್ಲಿ ಶಿಕ್ಷಣ ಶಾಲೆಯ ಗೋಡೆಯೊಳಗೆ ಮುಗಿಯುವ ಸಂಗತಿಯಾಗಿರಲಿಲ್ಲ. ಬೆಂಗಳೂರಿಗೂ ಮೈಸೂರಿಗೂ ಸಾರ್ವಜನಿಕ ಗ್ರಂಥಾಲಯ ಬೇಕು ಎಂದು ಆ ಸರ್ಕಾರ ಹೊರಟದ್ದು ಆಗಲೇ. ಹೀಗಾಗಿ ಸ್ಮಾರಕಕ್ಕೆಂದು ಎದ್ದ ಭವನ ಓದುಗರ ಕೈಗೆ ಬಂತು. ಸಭೆಗಷ್ಟೇ ತೆರೆದು ಉಳಿದ ದಿನ ಬೀಗ ಹಾಕಿಡುವ ಹಾಲ್ ಆಗಿದ್ದರೆ ಇಷ್ಟು ಹೊತ್ತಿಗೆ ಅದರ ಗತಿ ಏನಾಗಿರುತ್ತಿತ್ತೋ. ಓದುಗರ ಓಡಾಟವೇ ಈ ಕಟ್ಟಡವನ್ನು ಉಳಿಸಿತು ಎಂದು ನಾನು ನಂಬಿದ್ದೇನೆ.

ಸ್ವಾತಂತ್ರ್ಯದ ನಂತರ, ಏಕೀಕರಣದ ನಂತರ, ಭವನದ ಚರಿತ್ರೆಯ ಎರಡನೆಯ ಅಧ್ಯಾಯ ಶುರುವಾಯಿತು. ಅದರ ಹಿನ್ನೆಲೆಯಲ್ಲಿ ಒಬ್ಬರ ಹೆಸರು ಬರಬೇಕು: ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ದೇಶ ಗೌರವಿಸುವ ಎಸ್.ಆರ್. ರಂಗನಾಥನ್. ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾಗಿ ಕೀರ್ತಿ ಪಡೆದ ಅವರು ಬಾಳಿನ ಕೊನೆಯ ಹಂತದಲ್ಲಿ ಬಂದು ನೆಲೆಸಿದ್ದು ಬೆಂಗಳೂರಿನ ಮಲ್ಲೇಶ್ವರದಲ್ಲಿ. 1962ರಲ್ಲಿ ಇಲ್ಲೇ ದಾಖಲೀಕರಣದ ಸಂಶೋಧನೆ ಹಾಗೂ ತರಬೇತಿಯ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ಕಣ್ಮುಚ್ಚಿದರು. ಶೇಷಾದ್ರಿ ಅಯ್ಯರ್ ಕಾಲದ ಬಡಾವಣೆಯ ಮನೆಯಿಂದ ನಡೆದ ಚಿಂತನೆ ಶೇಷಾದ್ರಿ ಅಯ್ಯರ್ ಭವನದ ಬಾಳನ್ನು ಬದಲಿಸಿತು. ಗ್ರಂಥಾಲಯ ದಾನಿಗಳ ದಯೆಯ ಮೇಲೆ ನಿಲ್ಲಬಾರದು, ಕಾಯ್ದೆಯ ಬಲ ಬೇಕು, ನಿಶ್ಚಿತವಾದ ಕರ ಬೇಕು ಎಂದು ರಂಗನಾಥನ್ ಜೀವಮಾನವಿಡೀ ವಾದಿಸಿದರು. 1948ರಲ್ಲಿ ಮದ್ರಾಸು ಮೊದಲ ಹೆಜ್ಜೆ ಇಟ್ಟಿತು. ಮೈಸೂರು ರಾಜ್ಯ 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ತಂದಿತು. ಆ ಕಾಯ್ದೆಯಂತೆ ರಾಜ್ಯ ಕೇಂದ್ರ ಗ್ರಂಥಾಲಯ ನೆಲೆಗೊಂಡದ್ದು ಈ ಭವನದಲ್ಲೇ.

ಕಾಯ್ದೆಯ ಎರಡು ಅಂಶಗಳು ಈ ಜಾಗದ ಸ್ವಭಾವವನ್ನು ನಿರ್ಧರಿಸಿವೆ. ರಾಜ್ಯದಲ್ಲಿ ಅಚ್ಚಾಗುವ ಪುಸ್ತಕಗಳ ಪ್ರತಿಗಳನ್ನು ಇಲ್ಲಿಗೆ ಸಲ್ಲಿಸಬೇಕು ಎಂಬುದು ಒಂದು. ಪುಸ್ತಕ ಹೊರತಂದ ಪ್ರತಿ ಪ್ರಕಾಶಕರಿಗೂ, ಸ್ವಂತ ಖರ್ಚಿನಲ್ಲಿ ಕವನ ಸಂಕಲನ ಅಚ್ಚು ಹಾಕಿಸಿದ ಹೊಸ ಕವಿಗೂ ಕಬ್ಬನ್ ಪಾರ್ಕಿನ ಈ ಮೆಟ್ಟಿಲು ಗೊತ್ತು. ಕಾಪಿರೈಟ್ ವಿಭಾಗದಲ್ಲಿ ಪ್ರತಿ ಕೊಟ್ಟು ರಸೀತಿ ಪಡೆಯುವುದು, ಗ್ರಂಥಾಲಯಗಳಿಗೆ ಪುಸ್ತಕ ಕೊಳ್ಳುವ ಏಕಗವಾಕ್ಷಿ ಯೋಜನೆಗೆ ಅರ್ಜಿ ಹಾಕಿ ಆಯ್ಕೆಪಟ್ಟಿಗಾಗಿ ಕಾಯುವುದು ಕನ್ನಡ ಪುಸ್ತಕೋದ್ಯಮದ ನಿತ್ಯದ ಬದುಕು. ಆ ಯೋಜನೆಯ ವಿಳಂಬ, ಬಿಲ್ಲಿನ ಬಾಕಿಗಳ ಬಗ್ಗೆ ಪ್ರಕಾಶಕರಿಗೆ ನೋವಿದೆ, ಅದು ನ್ಯಾಯವಾದ ನೋವು. ಆದರೆ ಸಲ್ಲಿಕೆಯ ನಿಯಮದ ಫಲ ದೊಡ್ಡದು. ಮಾರುಕಟ್ಟೆಯಲ್ಲಿ ಮಾಯವಾದ, ಲೇಖಕರ ಮನೆಯಲ್ಲೂ ಒಂದು ಪ್ರತಿ ಉಳಿಯದ ಪುಸ್ತಕವನ್ನು ಹುಡುಕಿ ಸಂಶೋಧಕರು ಕೊನೆಗೆ ಬರುವುದು ಇಲ್ಲಿಗೆ.

ಎರಡನೆಯದು ಗ್ರಂಥಾಲಯ ಕರ. ಮನೆಯ ಆಸ್ತಿ ತೆರಿಗೆಯ ಜೊತೆ ಅದರ ಶೇ. 6ರಷ್ಟು ಗ್ರಂಥಾಲಯಕ್ಕೆಂದು ಸೇರಿ ಹೋಗುತ್ತದೆ. ತೆರಿಗೆ ಕಟ್ಟುವವರಲ್ಲಿ ಆ ಸಾಲನ್ನು ಗಮನಿಸುವವರು ಕಡಿಮೆ. ಸ್ಥಳೀಯ ಸಂಸ್ಥೆಗಳು ವಸೂಲು ಮಾಡಿದ ಕರವನ್ನು ಗ್ರಂಥಾಲಯ ಇಲಾಖೆಗೆ ಸಕಾಲಕ್ಕೆ ದಾಟಿಸದೆ ಉಳಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಓದುಗರ ಹಣ ಓದುಗರಿಗೆ ತಲುಪದಿರುವುದು ಸಣ್ಣ ಲೋಪವಲ್ಲ. ಈ ಭವನದ ಸೋರುವ ಮಾಡು, ಹಳೆಯ ಸಂಪುಟಗಳ ರಟ್ಟು, ಬ್ರೈಲ್ ವಿಭಾಗಕ್ಕೆ ಬೇಕಾದ ಹೊಸ ಪುಸ್ತಕ, ಎಲ್ಲಕ್ಕೂ ಬರಬೇಕಾದ ಹಣ ಅದೇ.

ಇಲ್ಲಿ ಬಂದು ಕೂರುವವರು ಯಾರು? ಹೆಚ್ಚಿನವರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಬಾಡಿಗೆಯ ಒಂಟಿ ಕೋಣೆಯಲ್ಲಿ ನಾಲ್ಕು ಜನರ ಜೊತೆ ಇರುವವರಿಗೆ ಇಷ್ಟು ಎತ್ತರದ ಛಾವಣಿಯ ಕೆಳಗೆ, ಕಾಸು ಕೇಳದ ಮೇಜಿನ ಮುಂದೆ ಕೂರುವುದೇ ದೊಡ್ಡ ನೆಮ್ಮದಿ. 1891ರಲ್ಲಿ ಮೈಸೂರಿಗೆ ಸಿವಿಲ್ ಸರ್ವಿಸ್ ಪರೀಕ್ಷೆ ತಂದವರ ಸ್ಮಾರಕದಲ್ಲಿ ಕೆ.ಎ.ಎಸ್. ಪರೀಕ್ಷೆಗೆ ತಯಾರಾಗುತ್ತಿರುವವರಲ್ಲಿ ಬಹಳ ಮಂದಿ ದೂರದ ಜಿಲ್ಲೆಗಳಿಂದ ಬಂದವರು, ಮನೆಯಲ್ಲಿ ಮೊದಲ ಬಾರಿಗೆ ಪದವಿ ಕಂಡವರು. ಅಂದು ಹುದ್ದೆಗಳು ಯಾರ ಪಾಲಾಗಬೇಕು ಎಂದು ಎದ್ದ ಪ್ರಶ್ನೆಗೆ ಇವರೇ ಉತ್ತರವಾಗುತ್ತಿದ್ದಾರೆ. ಅವರ ಪಕ್ಕದಲ್ಲಿ ಬೆಳಗಿನ ನಡಿಗೆ ಮುಗಿಸಿ ಪತ್ರಿಕೆ ಓದಲು ಬರುವ ನಿವೃತ್ತರು, ಹಳೆಯ ಗೆಜೆಟ್ ಹುಡುಕುವ ವಕೀಲರು, ಪಿಎಚ್.ಡಿ. ಮಾಡುವವರು. 2020ರಲ್ಲಿ ಇಲಾಖೆ ಡಿಜಿಟಲ್ ಗ್ರಂಥಾಲಯ ತೆರೆದ ಮೇಲೆ ಮನೆಯಲ್ಲಿ ಕೂತು ಮೊಬೈಲಿನಲ್ಲೂ ಓದಬಹುದು. ಆದರೂ ಕುರ್ಚಿ ಬೇಕಾದವರು ಇಲ್ಲಿಗೇ ಬರುತ್ತಾರೆ.

ಉದ್ಯಾನ ಈಗ 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಮರ ಕಡಿಯಲು, ಜಾಗ ಒತ್ತಲು ನಡೆದ ಪ್ರಯತ್ನಗಳನ್ನು ನಾಗರಿಕರು ಬೀದಿಯಲ್ಲೂ ನ್ಯಾಯಾಲಯದಲ್ಲೂ ಎದುರಿಸಿದ್ದಾರೆ. ಕಟ್ಟಡದ ಒಳಗಿನ ಸಂಪತ್ತಿಗೂ ಅಷ್ಟೇ ಕಾವಲು ಬೇಕು. ಈ ಸಂಚಿಕೆಯ ನೆಪದಲ್ಲಿ ಒಂದು ಕೆಲಸವಾದರೂ ಆಗಲಿ ಎಂಬುದು ನನ್ನ ಬೇಡಿಕೆ. ಪ್ರಜಾಪ್ರತಿನಿಧಿ ಸಭೆಯಲ್ಲಿ ದಿವಾನರು ವರ್ಷವರ್ಷವೂ ಮಾಡಿದ ಭಾಷಣಗಳು ಅಂದೇ ಅಚ್ಚಾಗಿವೆ. ನೀರು, ರೈಲು, ಬರ, ಪ್ಲೇಗು, ಚಿನ್ನದ ಗಣಿ, ಶಾಲೆ ಎಲ್ಲದರ ಲೆಕ್ಕ ಅವುಗಳಲ್ಲಿದೆ. 1883ರಿಂದ 1901ರವರೆಗಿನ ಆ ಭಾಷಣಗಳನ್ನು, ಸದಸ್ಯರು ಎತ್ತಿದ ಪ್ರಶ್ನೆಗಳನ್ನು, 1892ರ ಒಪ್ಪಂದದ ಪಠ್ಯವನ್ನು ಕನ್ನಡಕ್ಕೆ ತಂದು, ಟಿಪ್ಪಣಿ ಸೇರಿಸಿ, ಈ ಭವನದಿಂದಲೇ ಪ್ರಕಟಿಸಬೇಕು. ಅದರ ಮೊದಲ ಪ್ರತಿಯನ್ನು ನಿಯಮದಂತೆ ಕಾಪಿರೈಟ್ ವಿಭಾಗದಲ್ಲಿ ಸಲ್ಲಿಸಿ, ಎರಡನೆಯದನ್ನು ಓದುವ ಕೋಣೆಯ ಮೇಜಿನ ಮೇಲಿಡಬೇಕು.